ಜಲ್ ಅನ್ನುವ ಸದ್ದು

ಕಿವಿ ಡಾಕ್ಟರ ಹೊರಕೋಣೆಯಲ್ಲಿ ಕದ್ದು ಕೇಳಿದ ಪಾಪ ಯಾರಿಗೂ ತಟ್ಟುವುದಿಲ್ಲ. ಅಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಚೀಟಿ ಬರೆಯುವ ನರ್ಸ್ ತಲೆ ಎತ್ತಲಿಲ್ಲ, ಕಿವಿ ಮಾತ್ರ ಎದುರಿನ ಬೆಂಚಿನ ಮೇಲಿತ್ತು. ಅಲ್ಲಿ ನೇಯ್ಗೆ ಮಿಲ್ಲಿನ ನಿವೃತ್ತ ಮೇಸ್ತ್ರಿ ಈಗಷ್ಟೇ ಬಂದ ಪರೀಕ್ಷೆಯ ಕಾಗದ ಹಿಡಿದು ಕೂತಿದ್ದ. ಪಕ್ಕದಲ್ಲಿ ಅವನ ತಮ್ಮ.

“ಹತ್ತನೇ ಆಲ್ಬಮ್ಮಿಗೇ ಆ ರಾಕ್ ಹಾಡುಗಾರನ ಕಥೆ ಮುಗೀತು ಅಂತಿದ್ದೆಯಲ್ಲ ಅಣ್ಣ, ಈಗೇನಂತೀಯ?”

“ಆಮೇಲಿನ ಇಪ್ಪತ್ತರಲ್ಲಿ ಒಂದರಲ್ಲೂ ಡ್ರಮ್ಮಿನ ಸಿಂಬಲ್ ತಟ್ಟೆ ಜಲ್ ಅನ್ನಲಿಲ್ಲ ಕಣೋ. ಗಿಟಾರೂ ಕಂಬಳಿ ಹೊದ್ದ ಹಾಗಿತ್ತು. ರಾಕ್ ಹಾಡೋನಿಗೆ ವಯಸ್ಸಾಯ್ತು ಅಂದ್ಕೊಂಡೆ.”

“ಡಾಕ್ಟ್ರು ಏನಂದ್ರು?”

“ಮಗ್ಗದ ಗಲಾಟೆಗೆ ನನ್ನ ಕಿವಿ ಹೋಗಿ ಇಪ್ಪತ್ತು ವರ್ಷ ಆಗಿರಬೇಕಂತೆ. ಜಲ್ ಅನ್ನೋಂಥ ಚೂಪು ಸದ್ದು ಮೊದಲು ಹೋಗುತ್ತಂತೆ.”

ತಮ್ಮ ಕಾಗದದ ಕಡೆ ಬಗ್ಗಿ ನೋಡಿದ.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಇನ್ನು ಸಾಕು ಮಾಡಯ್ಯಾ ಅಂತ ಅವನಿಗೆ ಕಾಗದ ಬೇರೆ ಬರೆದೆ.”

“ಗೊತ್ತು. ಪೋಸ್ಟಿಗೆ ಹಾಕಿದ್ದು ನಾನೇ.”

“ತಪ್ಪಾಯ್ತು ಅನ್ನೋಣ ಅಂದ್ರೆ ಈಗ ಅವನೇ ಇಲ್ಲ. ಹಾಡು ಸರಿಯಾಗೇ ಇದೆ ಅಂತ ನೀನಾದ್ರೂ ಹೇಳಬಾರದಿತ್ತಾ?”

“ನಂಗೆ ಅವನ ಮುಪ್ಪಿನ ಹಾಡುಗಳೇ ಇಷ್ಟ. ನೀನು ಬೈತೀಯ ಅಂತ ಒಬ್ಬನೇ ಕೇಳ್ತಿದ್ದೆ.”

ಮೇಸ್ತ್ರಿ ಕಾಗದ ಮಡಿಸಿ ಜೇಬಿಗಿಟ್ಟು ಎದ್ದ. ಬಾಗಿಲ ಹತ್ತಿರ ಹೋಗಿ ನಿಂತ.

“ಕೊನೇ ಆಲ್ಬಮ್ಮಲ್ಲಿ ಸಿಂಬಲ್ ಇದೆಯೇನೋ?”

“ಇದೆ ಅಣ್ಣ. ಶುರುವಿಂದ ಕೊನೇವರೆಗೂ ಇದೆ,” ಎಂದು ತಮ್ಮ ಮೆಲ್ಲಗೆ ಹೇಳಿದ. ಆಮೇಲೆ ನೆನಪಾಗಿ, ಅದನ್ನೇ ಕೂಗಿ ಹೇಳಿದ.