ನಾಲ್ಕನೇ ದಿನ ತೆಗೆಸಿದ ಗೋಣಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ನೀರಣ್ಣನವರೇ, ಊಟದ ಕಡೆಗೆ ಒಂದು ಕಣ್ಣಿಟ್ಟು ಕೂತಿರುವ ಸಭಿಕರೇ,

ಮೂವತ್ತೊಂದು ವರ್ಷ ನಮ್ಮ ಇಲಾಖೆಯ ಕಾಂಕ್ರೀಟ್ ರಸ್ತೆಗಳಿಗೆ ನೀರು ಹಾಕಿದವರು ಇವರು. ಇವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ನೆನಪಿಲ್ಲ. ನಮ್ಮ ಹೊಸ ಮನೆಗೆ ಕರೆದಾಗ, ಕುಡಿಯಲು ಕೊಟ್ಟ ನೀರನ್ನು ಆಗಷ್ಟೇ ಹಾಕಿದ್ದ ಸಿಮೆಂಟು ಮೆಟ್ಟಿಲಿಗೆ ಸುರಿದು ಇನ್ನೊಂದು ಲೋಟ ಕೇಳಿದರು. ನನ್ನ ಹೆಂಡತಿ ಇವತ್ತಿಗೂ ಇವರಿಗೆ ಎರಡು ಲೋಟ ಕೊಡುತ್ತಾಳೆ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ನಿಮ್ಮಲ್ಲಿ ಎಷ್ಟು ಜನ ನಂಬಿದ್ದೀರಿ? ಕೈ ಎತ್ತಬೇಡಿ, ಎಂಜಿನಿಯರುಗಳೂ ಕೂತಿದ್ದಾರೆ. ಸಿಮೆಂಟು ನೀರಿನೊಂದಿಗೆ ಕೂಡಿ ಕಲ್ಲಾಗುತ್ತದೆ, ಸ್ವಾಮಿ. ಅದಕ್ಕೆ ದಿನಗಳು ಬೇಕು. ಅಷ್ಟು ದಿನವೂ ಒದ್ದೆ ಗೋಣಿ ಹೊದಿಸಿ ತೇವ ಕಾಯಬೇಕು. ನಡುವೆ ನೀರು ತಪ್ಪಿತೋ, ಸಿಮೆಂಟು ಅರ್ಧ ಕೆಲಸದಲ್ಲೇ ಕೈಬಿಡುತ್ತದೆ. ರಸ್ತೆಯ ಮೈ ಲಾರಿ ಚಕ್ರಕ್ಕೆ ಪುಡಿಯಾಗುತ್ತದೆ. ಇದನ್ನೆಲ್ಲ ಓದಿ ನಾನು ಚಿನ್ನದ ಪದಕ ಪಡೆದಿದ್ದೆ.

ಈ ಪದಕದ ಎಂಜಿನಿಯರನ ಮೊದಲ ರಸ್ತೆ ನೋಡಲು ಅವನ ಅಪ್ಪ ಬರುತ್ತೇನೆಂದರು. ಕಾಂಕ್ರೀಟ್ ಹಾಕಿ ಆಗಿನ್ನೂ ನಾಲ್ಕನೇ ದಿನ. ಗೋಣಿ ಹೊದ್ದು ಮಲಗಿದ್ದ ರಸ್ತೆಯನ್ನು ಅಪ್ಪನಿಗೆ ಏನೆಂದು ತೋರಿಸಲಿ? ಎಲ್ಲ ತೆಗೀರಿ ಎಂದೆ.

"ಬೇಡ ಸಾರ್, ಅದಿನ್ನೂ ಕುಡೀತಾ ಇದೆ. ನಿಮ್ಮ ತಂದೆಯವ್ರಿಗೆ ಒಂದು ಮೂಲೆ ಎತ್ತಿ ತೋರಿಸ್ತೀನಿ," ಎಂದರು ನೀರಣ್ಣ.

"ನನಗೇ ಪಾಠ ಹೇಳ್ತೀರಾ?" ಎಂದೆ.

ಅಪ್ಪ ಬಸ್ಸು ತಪ್ಪಿಸಿಕೊಂಡು ಎರಡು ದಿನ ತಡವಾಗಿ ಬಂದರು. ಅಲ್ಲಿಯವರೆಗೆ ರಸ್ತೆ ಬಿಸಿಲಿಗೆ ಬಿದ್ದಿತ್ತು. ನೋಡಿ, "ಚೆನ್ನಾಗಿದೆ ಮಗಾ" ಎಂದರು. ಅವರು ನನಗೆ ಹಾಗೆ ಅಂದದ್ದು ಅದೊಂದೇ ಸಲ.

ವರ್ಷದೊಳಗೆ ರಸ್ತೆ ಬಿರುಕು ಬಿಟ್ಟು ಧೂಳೆದ್ದಿತು. ವರದಿ ಬರೆದವನು ನಾನೇ. "ನೀರುಣಿಸುವಲ್ಲಿ ಲೋಪ" ಎಂದು ಬರೆದೆ. ಸುಳ್ಳೇನಲ್ಲ, ನೋಡಿ. ಯಾರ ಲೋಪ ಎಂದು ಬರೆಯಲಿಲ್ಲ, ಅಷ್ಟೇ. ನೀರಣ್ಣನವರಿಗೆ ಮೇಸ್ತ್ರಿ ಹುದ್ದೆ ತಪ್ಪಿತು, ಆಮೇಲೂ ತಪ್ಪುತ್ತಲೇ ಬಂತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಮೊನ್ನೆ ಕೇಳಿದೆ.

"ನಿಮ್ಮ ತಂದೆಯವ್ರು ಅಷ್ಟು ಖುಷಿಯಾಗಿದ್ರಲ್ಲ ಸಾರ್," ಎಂದರು.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಇನ್ನು ನನಗೆ ಆ ನೆಪವೂ ಇಲ್ಲ. ಅಧ್ಯಕ್ಷರೇ, ನಿಮ್ಮ ಮುಂದಿರುವ ಲಕೋಟೆಯನ್ನು ಅಭಿನಂದನಾ ಪತ್ರವೆಂದುಕೊಂಡು ಜೇಬಿಗಿಳಿಸಬೇಡಿ. ಅದು ತಿದ್ದಿದ ವರದಿ. ಗೋಣಿ ತೆಗೆಸಿದವನು ನಾನು ಎಂದು ಬರೆದು ಸಹಿ ಹಾಕಿದ್ದೇನೆ. ನೆನಪಿನ ಕಾಣಿಕೆ ಕೊಡುವ ಮೊದಲು ಅದನ್ನು ಇದೇ ಮೈಕಿನಲ್ಲಿ ಓದಿ.

ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ಗಂಟಲು ಒಣಗಿದೆ. ನೀರಣ್ಣನವರೇ, ಆ ಲೋಟ ಸ್ವಲ್ಪ ಇತ್ತ ಕೊಡಿ. ನಮಸ್ಕಾರ.