ಬೆಳಿಗ್ಗೆಯೇ ಹೇಳಿಯಾಗಿದ್ದ ಅಪ್ಪನ ಕಥೆ

"ಕೈ ಬಿಡಕ್ಕಾ," ಎಂದು ಕಿರಿಯ ನರ್ಸ್ ಹಿರಿಯವಳಿಂದ ಕೊಸರಿಕೊಂಡಳು. ಬಸ್ಸಿನ ಸಾಲಿನಲ್ಲಿ ಅವರ ಬೆನ್ನಿಗೇ ನಿಂತಿದ್ದ ದರ್ಜಿ ಬಟ್ಟೆಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕಿವಿಯನ್ನು ಮಾತ್ರ ಕದಲಿಸಲಿಲ್ಲ.

"ಬೇಕಂತ ಮಾಡಿದ್ನೇನೆ? ಬೆಳಿಗ್ಗೆ ನನ್ನ ಪರೀಕ್ಷೇಲಿ, ನಿಮಗೆ ಮೆಚ್ಚಿನವರ ಬಗ್ಗೆ ಇಂಗ್ಲಿಷಲ್ಲಿ ಮಾತಾಡಿ ಅಂದ್ರು. ಗಾಬರೀಲಿ ಬಾಯಿಗೆ ಬಂದಿದ್ದೇ ನಿಮ್ಮಪ್ಪ."

"ನಿಂಗೆ ಅಪ್ಪ ಇಲ್ವಾ?"

"ಇದಾನೆ. ಕುಡಿದು ಮಲಗಿರ್ತಾನೆ ಅಂತ ಹೇಳ್ಲಾ?"

"ಅದಕ್ಕೆ ನಮ್ಮಪ್ಪನ್ನ ಎತ್ಕೊಂಡ್ಯಾ? ಕಣ್ಣು ಹೋದ್ಮೇಲೂ ನಂಗೆ ಜಡೆ ಹಾಕ್ತಿದ್ದಿದ್ದು, ಎಲ್ಲಾನೂ?"

"ರೂಮಲ್ಲಿ ದಿನಾ ನೀನು ಅದನ್ನೇ ಅಭ್ಯಾಸ ಮಾಡ್ತಿದ್ದೆ. ನಿನ್ನ ತಪ್ಪು ತಿದ್ದಿ ತಿದ್ದಿ ನಂಗೇ ಬಾಯಿಪಾಠ ಆಗಿತ್ತು ಕಣೇ."

"ಮಧ್ಯಾಹ್ನ ನಾನು ಜಡೆ ಅಂದಿದ್ದೇ ತಡ, ಪರೀಕ್ಷೆ ಮಾಡ್ತಿದ್ದ ಆಯಮ್ಮ ಪೆನ್ನು ಕೆಳಗಿಟ್ಲು. ಬೆಳಿಗ್ಗೇನೂ ಇದೇ ಕಥೆ ಕೇಳ್ದೆ, ಯಾರು ಉರು ಹೊಡೆಸಿದ್ದು ಅಂದ್ಲು. ನಮ್ಮಪ್ಪನೇ, ನಿಜವಾಗ್ಲೂ ಅಂತ ಆಣೆ ಇಟ್ಟೆ. ಸತ್ತೋರ ಮೇಲೆ, ಅದೂ ಇಂಗ್ಲಿಷಲ್ಲಿ. ನಕ್ಬಿಟ್ಲು. ಆಮೇಲೆ ನಂಗೆ ಇಂಗ್ಲಿಷೇ ಬರ್ಲಿಲ್ಲ, ಪರೀಕ್ಷೆ ಹೋಯ್ತು."

ದರ್ಜಿ ನೆಲ ನೋಡಿದ. ಬಸ್ಸು ಬಂದು ನಿಂತಿತು. ಹಿರಿಯವಳ ದನಿ ಇಳಿಯಿತು.

"ನಮ್ಮಮ್ಮ ಮನೆ ಬಿಟ್ಟು ಹೋದ ದಿನದ ಕಥೆ ಇದೆ ನನ್ನ ಹತ್ರ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಮುಂದಿನ ಸಲ ಅದನ್ನ ಹೇಳು. ಪೂರ್ತಿ ನಿಂಗೇ ಕೊಡ್ತೀನಿ."

"ನಂಗೆ ಬೇಡ," ಎಂದು ಕಿರಿಯವಳು ಬಸ್ಸು ಹತ್ತಿದಳು.