ಎಷ್ಟು ಗಂಟೆ ಫ್ಲೈಟ್?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಿಮಾನದ ಟಿಕೆಟ್ ಬುಕ್ ಮಾಡುವ ಕಾಲ್ ಸೆಂಟರ್. ಬಾಗಿಲಲ್ಲಿ ಸೆಕ್ಯುರಿಟಿ ಸಿದ್ರಾಮನ ಕೈ ಬ್ಯಾಗು ತಡಕುತ್ತಿತ್ತು, ಕಿವಿ ಮಾತ್ರ ಎದುರಿಗಿದ್ದ ವನಜಾ, ದೇವರಾಜರ ಕಡೆಗಿತ್ತು.

“ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ಎಷ್ಟು ಗಂಟೆ ಫ್ಲೈಟ್ ಅಂದಾಗ, ಒಂದು ಗಂಟೆ ಅಂದ್ರಲ್ವಾ?” ವನಜಾ ಕೇಳಿದಳು.

“ಹೌದು ಕಣ್ರೀ. ಐನೂರು ಕಿಲೋಮೀಟರ್‌ಗೆ ಇನ್ನೆಷ್ಟೊತ್ತು ಬೇಕು?”

“ಅಯ್ಯೋ, ನಾನು ಹೊರಡೋ ಟೈಮ್ ಕೇಳಿದ್ದು! ಒಂದು ಗಂಟೆಗೆ ಅಂತ ಕಸ್ಟಮರ್‌ಗೆ ಹೇಳ್ಬಿಟ್ಟೆ. ಹನ್ನೊಂದಕ್ಕೇ ಹೋಗಿದೆ. ಆಯಮ್ಮ ಅಪ್ಪನ ಮಣ್ಣಿಗೆ ಹೊರಟಿದ್ದೋಳು.”

“ಹೇಳಿದ್ದು ನೀವು. ನನ್ನ ಹೆಸರು ಎತ್ಬೇಡಿ.”

“ಕಾಲ್ ರೆಕಾರ್ಡಿಂಗ್‌ನಲ್ಲಿ ಪಕ್ಕದ ಸೀಟಿಂದ ಹೇಳಿದ ನಿಮ್ಮ ದನೀನೂ ಇದೆ.”

“ಇದ್ರೇನು? ಮ್ಯಾನೇಜರ್‌ಗೆ ಕನ್ನಡ ಬರಲ್ಲ.”

“ಅದಕ್ಕೇ, ನೀವೇನಂದ್ರಿ ಅಂತ ಅರ್ಥ ಹೇಳೋಕೆ ನನ್ನನ್ನೇ ಕರೆದಿದ್ದಾರೆ.”

ವನಜಾ ಲಿಫ್ಟಿನತ್ತ ನಡೆದಳು. “ವನಜಾ ಅವ್ರೇ, ಒಂದ್ನಿಮಿಷ!” ಎಂದು ದೇವರಾಜ್ ಹಿಂದೆಯೇ ಓಡಿದ. ಅವನ ಬ್ಯಾಗು ಸಿದ್ರಾಮನ ಕೈಯಲ್ಲೇ ಉಳಿಯಿತು.